ಅವರ ಊರು ಬೆಟದೂರ

ನಿನ್ನೆ ಸಂಜೆಯಿಂದ ಮನಸ್ಸು ಕೆಟ್ಟಿದೆ. ಬರೆಯದೆ ಇದ್ದರೆ ಸಮಾಧಾನ ಇಲ್ಲ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಪುಣ್ಯಸ್ಮರಣೆ ಇತ್ತು. ಫೋಟೋ, ಹಾರ, ಮೈಕು ಎಲ್ಲ ಇತ್ತು. ಮಾತಾಡಿದವರೆಲ್ಲ ಸಿಯಾಚಿನ್‌ನಲ್ಲಿ ಅವರು ಹಿಮದಡಿ ಆರು ದಿನ ಬದುಕಿದ್ದ ಕಥೆಯನ್ನೇ ಹೇಳಿದರು. ಮುಂದೆ ಕೂತಿದ್ದ ಒಬ್ಬ ಹುಡುಗ ಎದ್ದು, "ಅಂಕಲ್, ಅವರ ಊರು ಯಾವುದು?" ಅಂತ ಕೇಳಿದ. ಮೈಕ್ ಹಿಡಿದವರು "ಉತ್ತರ ಕರ್ನಾಟಕದ ಕಡೆ, ಒಂದು ಹಳ್ಳಿ" ಅಂದು ಮುಂದಿನ ಭಾಷಣಕಾರರನ್ನು ಕರೆದರು.

ಹಳ್ಳಿಗೆ ಹೆಸರಿಲ್ವಾ?

ಬೆಟದೂರ. ಧಾರವಾಡ ಜಿಲ್ಲೆ, ಕುಂದಗೋಳ ತಾಲ್ಲೂಕು. ನಾನು ಎದ್ದು ನಿಂತು ಗಟ್ಟಿಯಾಗಿ ಹೇಳಿದೆ. ಆ ತಾಲ್ಲೂಕಿನವಳು ನಾನು, ನಿಮಗೆ ಗೊತ್ತೇ ಇದೆ. ಎಲ್ಲರೂ ತಿರುಗಿ ನೋಡಿದರು. ಯಾರೂ ಏನೂ ಅನ್ನಲಿಲ್ಲ.

ನಮ್ಮ ಕಡೆ ಎರೆಮಣ್ಣು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗದೆ ಒಕ್ಕಲುತನ ನಡೆಯಲ್ಲ. ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ, ಅದೇ ಮುಯ್ಯಾಳು. ಮಗ ಮಿಲಿಟರಿಗೆ ಹೋದರೆ ಆ ಮನೆಯ ಹೊಲ ಬೀಳು ಬೀಳಲು ಓಣಿಯವರು ಬಿಡುವುದಿಲ್ಲ. ನಮ್ಮ ದೊಡ್ಡಪ್ಪನ ಮಗನೂ ಮಿಲಿಟರಿಯಲ್ಲಿದ್ದ. ರಜೆಗೆ ಬಂದ ಮರುದಿನವೇ ಬೆಳಕು ಹರಿಯುವ ಮುಂಚೆ ಎತ್ತು ಹೂಡಿಕೊಂಡು ಪಕ್ಕದ ಮನೆಯವರ ಹೊಲದಲ್ಲಿ ಎಡೆ ಹೊಡೆಯುತ್ತಿದ್ದ. ನಮ್ಮದಲ್ಲ, ಅವರದು! ದೊಡ್ಡವ್ವ "ಎರಡು ದಿನ ಆರಾಮ ಮಾಡೋ" ಅಂದರೆ, "ನಾ ಇಲ್ಲದಾಗ ನಮ್ಮ ಹೊಲಾ ಅವರ ನೋಡ್ಯಾರವ್ವಾ" ಅನ್ನುತ್ತಿದ್ದ. ಕಾಲಿಗೆ ಮಿಲಿಟರಿ ಬೂಟು ಇಲ್ಲ, ಮೊಣಕಾಲಿನವರೆಗೆ ಎರೆಮಣ್ಣು. ಸೈನಿಕ ಅಂದರೆ ನನಗೆ ಇವತ್ತಿಗೂ ಕಣ್ಣಿಗೆ ಬರುವುದು ಆ ಕಾಲುಗಳೇ.

ಹನುಮಂತಪ್ಪ ಅವರೂ ಅಂಥದ್ದೇ ಒಕ್ಕಲುತನದ ಮನೆಯಿಂದ ಹೋದವರು. 2002ರಲ್ಲಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಸೇರಿದರು. 13 ವರ್ಷದ ಸರ್ವಿಸ್‌ನಲ್ಲಿ 10 ವರ್ಷ ಕಷ್ಟದ ಜಾಗಗಳಲ್ಲೇ ಕಳೆದರು. ಜಮ್ಮು ಕಾಶ್ಮೀರ, ಈಶಾನ್ಯ ರಾಜ್ಯಗಳು, ಕೊನೆಗೆ ಸಿಯಾಚಿನ್. ಈ 10 ವರ್ಷದ ಬಗ್ಗೆ ನಿನ್ನೆ ಒಬ್ಬರೂ ಒಂದು ಮಾತು ಆಡಲಿಲ್ಲ. ಆರು ದಿನ ಮಾತ್ರ ಬೇಕು ನಮಗೆ.

2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಂ ಪೋಸ್ಟ್ ಮೇಲೆ ಹಿಮ ಕುಸಿಯಿತು. ಆ ಹೊತ್ತಿಗೆ ನಮ್ಮೂರಿನ ಕಣಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗುತ್ತಿತ್ತು. ಅವರು ಬದುಕಿದ್ದಾರೆ ಅಂತ ಸುದ್ದಿ ಬಂದ ದಿನ ಅವ್ವ ಫೋನಿನಲ್ಲಿ ಅತ್ತಳು. "ನಮ್ಮ ತಾಲೂಕಿನ ಹುಡುಗ, ಉಳೀತಾನ ನೋಡು" ಅಂದಳು. ಅವರ ಮುಖ ಒಮ್ಮೆಯೂ ನೋಡಿದವಳಲ್ಲ. ಬಸವಣ್ಣನ ಗುಡಿಯಲ್ಲಿ ಎಣ್ಣೆ ದೀಪ ಹಚ್ಚಿ ಬಂದಿದ್ದಳು. 11ನೇ ತಾರೀಖು ದಿಲ್ಲಿಯ ಆಸ್ಪತ್ರೆಯಲ್ಲಿ ಅವರು ಹೋಗಿಬಿಟ್ಟರು. 33 ವರ್ಷ. ನಾನು ಆಫೀಸಿನಲ್ಲಿದ್ದೆ. ಮೆಟ್ಟಿಲ ಹತ್ತಿರ ಹೋಗಿ ಕೂತು ಅತ್ತೆ.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹಿರಿಯರು ಹೇಳಿದರು: "ಸೈನಿಕ ಇಡೀ ದೇಶದ ಮಗನಮ್ಮ, ಊರು ಕೇರಿ ಅಂತ ಯಾಕೆ ಚಿಕ್ಕದು ಮಾಡ್ತೀಯ?" ಒಳ್ಳೆ ಮನಸ್ಸಿನಿಂದಲೇ ಹೇಳಿದರು. ಆದರೂ ಒಪ್ಪಲ್ಲ ಸರ್. ಊರು ಹೇಳಿದರೆ ಮನುಷ್ಯ ಚಿಕ್ಕವನಾಗಲ್ಲ. ಅವರನ್ನು ಮಣ್ಣು ಮಾಡಿದ್ದು ಬೆಟದೂರಿನಲ್ಲೇ. ಆ ಮನೆಯ ಮುಂದೆ ನಿಂತು ಅತ್ತವರಿಗೆ ಅವರು ಟಿವಿಯಲ್ಲಿ ಬಂದ ಪವಾಡ ಅಲ್ಲ, ಓಣಿಯ ಹುಡುಗ. ಬೆಂಗಳೂರಿನ ನಮ್ಮ ಹೆಬ್ಬಾಳದಲ್ಲೇ 2018ರಲ್ಲಿ ಒಂದು ವೀರಗಲ್ಲು ಸಿಕ್ಕಿತು, 8ನೇ ಶತಮಾನದ್ದು. ಕಾಳಗದಲ್ಲಿ ಸತ್ತವನ ಹೆಸರು ಕಿತ್ತಯ್ಯ ಅಂತ ಅದರಲ್ಲಿ ಕೆತ್ತಿದ್ದಾರೆ. ಸಾವಿರದ ಇನ್ನೂರು ವರ್ಷದ ಹಿಂದಿನವರು ಕಲ್ಲಿನ ಮೇಲೆ ಅಷ್ಟು ಕಷ್ಟಪಟ್ಟು ಹೆಸರು ಉಳಿಸಿದ್ದಾರೆ. ನಮಗೆ ಮೈಕ್ ಕೈಯಲ್ಲಿದ್ದರೂ ಊರಿನ ಹೆಸರು ಹೇಳಲು ಆಗಲ್ವಾ?

ಇನ್ನೂ ಒಂದು ಮಾತು, ಇದು ನನಗೆ ಜಾಸ್ತಿ ನೋವು ಕೊಡುವುದು. ಅವತ್ತು ಹಿಮದಡಿ ಸಿಕ್ಕವರು ಹತ್ತು ಜನ. ಹತ್ತೂ ಜನ ಹೋದರು. ಅವರಲ್ಲಿ ಮೂವರು ಕನ್ನಡಿಗರು. ಹನುಮಂತಪ್ಪ ಅವರನ್ನು ಬಿಟ್ಟರೆ ಇನ್ನಿಬ್ಬರು ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ್. ಈ ಇಬ್ಬರ ಫೋಟೋ ಯಾವ ಪಾರ್ಕಿನಲ್ಲಿ ಇಡುತ್ತೇವೆ? ಆರು ದಿನ ಉಳಿಯಲಿಲ್ಲ ಅಂತ ಅವರನ್ನು ಮರೆತುಬಿಡೋದಾ? ಅವರ ಮನೆಯಲ್ಲೂ ಇದೇ ತಿಂಗಳು ತಿಥಿ ನಡೆಯುತ್ತದೆ.

ಮುಂದಿನ ವರ್ಷದ ಬೋರ್ಡ್ ನಾನೇ ಬರೆಸಿಕೊಡುತ್ತೇನೆ ಅಂತ ಸಂಘದವರಿಗೆ ಹೇಳಿದ್ದೇನೆ. ಮೂವರ ಹೆಸರು, ಊರು, ತಾಲ್ಲೂಕು ಎಲ್ಲ ದೊಡ್ಡ ಅಕ್ಷರದಲ್ಲಿ ಇರುತ್ತದೆ. ತೇಜೂರು, ಎಚ್.ಡಿ. ಕೋಟೆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ನಾಗೇಶ್ ಅವರು, ಮಹೇಶ್ ಅವರು ಊರಿಗೆ ಬಂದಾಗ ಹೇಗಿದ್ದರು, ಯಾರ ಜೊತೆ ಓಡಾಡುತ್ತಿದ್ದರು, ಯಾವ ಹಬ್ಬಕ್ಕೆ ತಪ್ಪದೆ ಬರುತ್ತಿದ್ದರು, ನೆನಪಿದ್ದಷ್ಟು ಬರೆಯಿರಿ. ಆ ಹುಡುಗ ಮುಂದಿನ ವರ್ಷವೂ ಬರುತ್ತಾನೆ, ಕೇಳಿಯೇ ಕೇಳುತ್ತಾನೆ.