ಹುಡುಗಿ ತಂದ ಕ್ಯಾಪ್ಸೂಲ್ ಡಬ್ಬಿ

ಮೊನ್ನೆ ಬೆಳಿಗ್ಗೆ ಶಿವಮೊಗ್ಗದ ನೆಹರೂ ಸ್ಟೇಡಿಯಂನಲ್ಲಿ, ನಮ್ಮ ಜೊತೆ ಓಡುವ ಹುಡುಗಿಯೊಬ್ಬಳು ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ತೋರಿಸಿದಳು. "ಸರ್, ಇದು ತಗೊಂಡ್ರೆ ಟೈಮಿಂಗ್ ಹತ್ತು ಪರ್ಸೆಂಟ್ ಇಳಿಯುತ್ತಂತೆ." ಬ್ಲ್ಯಾಕ್‌ಕರಂಟ್ ಹಣ್ಣಿನ ಸಾರದ ಕ್ಯಾಪ್ಸೂಲ್. ಎರಡೂವರೆ ಸಾವಿರ ರೂಪಾಯಿ. ಸುಗ್ಗಿಯಲ್ಲಿ ಅವಳಮ್ಮ ಅಡಿಕೆ ಸುಲಿದು ಕೂಡಿಟ್ಟ ದುಡ್ಡು. ನನಗೆ ಹೊಟ್ಟೆ ಉರಿದುಹೋಯಿತು.

ಆ ಹತ್ತು ಪರ್ಸೆಂಟ್ ಪೂರ್ತಿ ಸುಳ್ಳೂ ಅಲ್ಲ. ಅದಕ್ಕೇ ಸಿಟ್ಟು ಜಾಸ್ತಿ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 13 ಗಂಡಸರಿಗೆ ದಿನಕ್ಕೆ 300 ಮಿಲಿಗ್ರಾಂನಂತೆ 7 ದಿನ ನ್ಯೂಜಿಲೆಂಡಿನ ಬ್ಲ್ಯಾಕ್‌ಕರಂಟ್ ಸಾರ ಕೊಟ್ಟು ಟ್ರೆಡ್‌ಮಿಲ್ ಮೇಲೆ ಓಡಿಸಿದ್ದರು. ಜೋರಾಗಿ ಓಡು, ಸುಧಾರಿಸಿಕೋ, ಮತ್ತೆ ಓಡು. ಕಾಲು ಸೋತು ನಿಲ್ಲುವ ತನಕ. ಹಾಗೆ ಓಡಿದ ಒಟ್ಟು ದೂರ ಸುಮಾರು 10 ಪರ್ಸೆಂಟ್ ಹೆಚ್ಚಿತು. ದೂರ ಕಣ್ರೀ, ಟೈಮಿಂಗ್ ಅಲ್ಲ! ಈ ಹುಡುಗಿ 1500 ಮೀಟರ್ ಓಡೋದು 5 ನಿಮಿಷ 20 ಸೆಕೆಂಡಿಗೆ. ಅದರಲ್ಲಿ ಹತ್ತು ಪರ್ಸೆಂಟ್ ಅಂದರೆ 32 ಸೆಕೆಂಡ್. ಎರಡು ಸೆಕೆಂಡ್ ಇಳಿಸೋಕೆ ಇಡೀ ಬೇಸಿಗೆ ಬೆವರು ಸುರಿಸಿದ ಮಗುವಿಗೆ ಹೀಗೆ ಹೇಳಿ ಮಾರಬಹುದಾ?

ಹಣ್ಣಿಗೆ ಆ ಕಪ್ಪು ಬಣ್ಣ ಬರುವುದು ಆಂಥೋಸಯಾನಿನ್ ಎಂಬ ಬಣ್ಣದ ಅಂಶದಿಂದ. ನಮ್ಮ ನೇರಳೆ, ಮುರುಗಲು ಹಣ್ಣುಗಳಲ್ಲೂ ಅದು ಇದೆ. ಹಾಗಂತ ನೇರಳೆ ತಿಂದರೆ ಮೆಡಲ್ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಇನ್ನೊಂದು ಭಯವೂ ಇದೆ. ಇಂಥ ಡಬ್ಬಿಯಲ್ಲಿ ನಿಷೇಧಿತ ವಸ್ತು ಬೆರೆತಿದ್ದು ಡೋಪಿಂಗ್ ಟೆಸ್ಟಿನಲ್ಲಿ ಸಿಕ್ಕರೆ, ಹೊಣೆ ಓಡಿದವಳದ್ದೇ. ಗೊತ್ತಿರಲಿಲ್ಲ ಎಂದು ಅತ್ತರೂ ತಪ್ಪಿಸಿಕೊಳ್ಳುವುದು ಕಷ್ಟ.

"ಬೆಳಿಗ್ಗೆ ಏನು ತಿಂದೆ?" ಎಂದು ಕೇಳಿದೆ. ಏನೂ ಇಲ್ಲ. ಗಾಜನೂರು ಕಡೆಯಿಂದ ಮೊದಲ ಬಸ್ ಹಿಡಿದು ಬರುತ್ತಾಳೆ. ಇತ್ತೀಚೆಗೆ ಎರಡನೇ ಸುತ್ತಿಗೇ ಏದುಸಿರು, ಕಣ್ಣು ಕತ್ತಲೆ. ಸೋಮವಾರ ಶಾಲೆಯಲ್ಲಿ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆ? ಹೊಟ್ಟೆ ತೊಳಸುತ್ತೆ ಅಂತ ಎಸೆಯುತ್ತಿದ್ದಳಂತೆ. ರಕ್ತದಲ್ಲಿ ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್, ಅದಕ್ಕೆ ಕಬ್ಬಿಣಾಂಶ ಬೇಕು. ಪುಕ್ಕಟೆ ಸಿಗುವುದನ್ನು ಬಿಟ್ಟು ಸಾವಿರಾರು ರೂಪಾಯಿಯ ಡಬ್ಬಿ ಹಿಡಿದು ನಿಂತಿದ್ದಳು ಪಾಪ. ತಪ್ಪು ಅವಳದ್ದಲ್ಲ, ಯಾರೂ ಕೂರಿಸಿ ಹೇಳಿರಲಿಲ್ಲ.

ನಿನ್ನೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಾಳೆ. ಮಾತ್ರೆಯನ್ನು ಊಟ ಆದ ಮೇಲೆ ತಗೋ ಎಂದಿದ್ದಾರೆ. ಡಬ್ಬಿಯ ಸೀಲ್ ಇನ್ನೂ ಒಡೆದಿಲ್ಲ. ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದರಂತೆ. ನಾಳೆ ಪ್ರಾಕ್ಟೀಸ್ ಮುಗಿಸಿ ಅವಳಮ್ಮನ ಜೊತೆ ನಾನೂ ಅಲ್ಲಿಗೆ ಹೋಗುತ್ತಿದ್ದೇನೆ.