ಒಂಬತ್ತು ಗೆಲುವು ಸಾಲದು

ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಸೆಪ್ಟೆಂಬರ್ ಬಂದಿತೆಂದರೆ ಶನಿವಾರ ಆಟದ ದಿನ, ಭಾನುವಾರ ಕೋಚ್‌ನನ್ನು ಮನೆಗೆ ಕಳುಹಿಸುವ ದಿನ. ನಿಜವಾಗಿ ಕಳುಹಿಸುವುದು ಎಷ್ಟೋ ವರ್ಷಕ್ಕೊಮ್ಮೆ. ಉಳಿದ ಭಾನುವಾರಗಳಲ್ಲಿ ಜನ ಬಾಯಲ್ಲೇ ಕಳುಹಿಸಿಬಿಡುತ್ತಾರೆ. ಚರ್ಚಿನ ಮೆಟ್ಟಿಲ ಮೇಲೆ, ದಿನಸಿ ಅಂಗಡಿಯ ಬಿಲ್ ಕೊಡುವ ಸಾಲಿನಲ್ಲಿ, ಕ್ಷೌರದಂಗಡಿಯಲ್ಲಿ ವಿಚಾರಣೆ ನಡೆಯುತ್ತದೆ. ಆರೋಪಿ ಎಂದೂ ಹಾಜರಿರುವುದಿಲ್ಲ, ಅವನ ಪರ ವಕೀಲರು ಮಾತ್ರ ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ಕ್ಷೌರಿಕ ಕತ್ತರಿ ಹಿಡಿದಿರುವಾಗ ಕೋಚ್‌ನ ಪರ ವಾದಿಸಬಾರದು ಎಂಬುದು ಲಿಂಕನ್ ನಗರಕ್ಕೆ ಕೆಲಸಕ್ಕೆಂದು ಬಂದ ನನ್ನಂಥವರು ಬೇಗ ಕಲಿಯುವ ಪಾಠ.

ಆಟವೆಂದರೆ ಅಮೆರಿಕನ್ ಫುಟ್‌ಬಾಲ್. ತಂಡ ನೆಬ್ರಾಸ್ಕ ವಿಶ್ವವಿದ್ಯಾಲಯದ್ದು. ಕಾಲೇಜು ತಂಡಕ್ಕೆ ಇಷ್ಟೊಂದು ಗಲಾಟೆಯೇ ಎಂದು ಕೇಳುವವರಿಗೆ ಒಂದು ಮಾತು: ಈ ರಾಜ್ಯದಲ್ಲಿ ದೊಡ್ಡ ವೃತ್ತಿಪರ ಲೀಗಿನ ತಂಡ ಒಂದೂ ಇಲ್ಲ. ಫುಟ್‌ಬಾಲಿನದಿಲ್ಲ, ಬಾಸ್ಕೆಟ್‌ಬಾಲಿನದಿಲ್ಲ, ಬೇಸ್‌ಬಾಲಿನದೂ ಇಲ್ಲ. ಇರುವುದು ದಿಗಂತದವರೆಗೆ ಮುಸುಕಿನ ಜೋಳದ ಹೊಲ, ಅದರ ನಡುವೆ 1923ರಲ್ಲಿ ಕಟ್ಟಿದ ಮೆಮೋರಿಯಲ್ ಸ್ಟೇಡಿಯಂ. 1962ರ ನವೆಂಬರ್‌ನಿಂದ ಅಲ್ಲಿ ನಡೆದ ಪ್ರತಿ ಪಂದ್ಯದ ಟಿಕೆಟ್ಟೂ ಖಾಲಿ ಎಂದು ವಿಶ್ವವಿದ್ಯಾಲಯ ಹೆಮ್ಮೆಯಿಂದ ಲೆಕ್ಕ ಇಟ್ಟಿದೆ. ಪಂದ್ಯದ ದಿನ ಎಂಬತ್ತು ಸಾವಿರಕ್ಕೂ ಮಿಕ್ಕಿದ ಜನ ಕೆಂಪು ಅಂಗಿ ತೊಟ್ಟು ಒಳಗೆ ಸೇರುತ್ತಾರೆ. ಓಮಹಾ ಮತ್ತು ಲಿಂಕನ್ ಬಿಟ್ಟರೆ ಆ ಹೊತ್ತಿಗೆ ರಾಜ್ಯದ ಮೂರನೆಯ ದೊಡ್ಡ ಊರೇ ಆ ಸ್ಟೇಡಿಯಂ. ಅಷ್ಟು ದೊಡ್ಡ ಊರಿಗೆ ಒಬ್ಬನೇ ಗೌಡ ಇದ್ದರೆ ಅವನ ಮೇಲೆ ದೂರು ಇರಲೇಬೇಕಲ್ಲ!

ಈ ಊರಿನ ಕಷ್ಟವೆಲ್ಲ ಶುರುವಾದದ್ದು ಟಾಮ್ ಆಸ್ಬರ್ನ್ ಅವರಿಂದ. ಅವರು ಕೆಟ್ಟ ಕೋಚ್ ಆಗಿರಲಿಲ್ಲ. ವಿಪರೀತ ಒಳ್ಳೆಯ ಕೋಚ್ ಆಗಿದ್ದರು, ಅದೇ ತೊಂದರೆ. 1973ರಿಂದ 1997ರವರೆಗೆ 25 ಋತುಗಳಲ್ಲಿ 255 ಗೆಲುವು, 49 ಸೋಲು, ಮೂರು ಡ್ರಾ. ಒಂದು ಋತುವಿನಲ್ಲೂ ಒಂಬತ್ತಕ್ಕಿಂತ ಕಡಿಮೆ ಗೆಲುವಿಲ್ಲ. 1994, 1995, 1997ರಲ್ಲಿ ರಾಷ್ಟ್ರೀಯ ಪ್ರಶಸ್ತಿ. ನಿವೃತ್ತಿಯಾದ ಮೇಲೆ ಜನ ಅವರನ್ನು ಸಂಸತ್ತಿಗೂ ಆರಿಸಿ ಕಳುಹಿಸಿದರು. ಈಗಿನ ಅಭಿಮಾನಿಗಳು ಇದನ್ನೆಲ್ಲ ಸಹಸ್ರನಾಮದಂತೆ ಒಪ್ಪಿಸುತ್ತಾರೆ. ಒಪ್ಪಿಸದೆ ಹಾರಿಸಿಬಿಡುವ ಭಾಗವೂ ಒಂದಿದೆ. ಆಸ್ಬರ್ನ್ ಮೊದಲ ಐದು ವರ್ಷ ಒಕ್ಲಹೋಮ ತಂಡದ ಎದುರು ಸಾಲಾಗಿ ಸೋತಿದ್ದರು. ದೊಡ್ಡ ಪಂದ್ಯ ಗೆಲ್ಲಲಾರದ ಮನುಷ್ಯ ಎಂದು ಆಗಲೂ ಗೊಣಗಾಟವಿತ್ತು. ಮೊದಲ ಪ್ರಶಸ್ತಿ ಬಂದದ್ದು ಇಪ್ಪತ್ತೆರಡನೆಯ ಋತುವಿನಲ್ಲಿ. ಇಂದಿನ ಲೆಕ್ಕದಲ್ಲಾದರೆ ಅವರನ್ನು ಅಷ್ಟರೊಳಗೆ ನಾಲ್ಕು ಬಾರಿಯಾದರೂ ತೆಗೆದುಹಾಕಿರುತ್ತಿದ್ದರು.

ಅವರ ನಂತರ ಬಂದವರು ಫ್ರಾಂಕ್ ಸೋಲಿಚ್. ಅದೇ ತಂಡದಲ್ಲಿ ಆಡಿ, ಆಸ್ಬರ್ನ್ ಅವರ ಕೈಕೆಳಗೆ ಪಳಗಿದವರು. ಆರು ಋತುಗಳಲ್ಲಿ 58 ಗೆದ್ದು 19 ಸೋತರು. 2001ರ ಋತುವಿನಲ್ಲಿ ತಂಡವನ್ನು ಪ್ರಶಸ್ತಿಯ ಪಂದ್ಯದವರೆಗೂ ಒಯ್ದರು. ಮರುವರ್ಷ ಏಳು ಗೆಲುವು ಏಳು ಸೋಲು ಎಂದಾದದ್ದೇ ತಡ, ಕುರ್ಚಿ ಅಲುಗಾಡಿತು. 2003ರಲ್ಲಿ ಸುಧಾರಿಸಿಕೊಂಡು ಒಂಬತ್ತು ಗೆದ್ದು ಮೂರು ಸೋತಾಗ ಕ್ರೀಡಾ ನಿರ್ದೇಶಕರು ಅವರನ್ನು ತೆಗೆದುಹಾಕಿದರು. ಸಾಧಾರಣ ಮಟ್ಟಕ್ಕೆ ಇಳಿಯಲು ಈ ತಂಡವನ್ನು ಬಿಡುವುದಿಲ್ಲ ಎಂಬುದು ಅವರ ವಾದ. ಹೊಸ ಕೋಚ್ ಬಿಲ್ ಕ್ಯಾಲಹನ್ ಮೊದಲ ವರ್ಷವೇ ಐದು ಗೆದ್ದು ಆರು ಸೋತು, 1961ರ ನಂತರ ಯಾರೂ ಕಾಣದಿದ್ದ ದಿನ ತೋರಿಸಿದರು. ಸಾಧಾರಣ ಮಟ್ಟವನ್ನು ದಾಟಿದ್ದಂತೂ ನಿಜ, ಆದರೆ ಕೆಳಮುಖವಾಗಿ.

ಕುರುಕ್ಷೇತ್ರದ ಕೌರವ ಪಾಳೆಯ ನನಗೆ ಇಲ್ಲಿಯೇ ನೆನಪಾಗುವುದು. ಭೀಷ್ಮನದು ಹತ್ತು ದಿನ, ದ್ರೋಣನದು ಐದು, ಕರ್ಣನದು ಎರಡು, ಶಲ್ಯನದು ಅರ್ಧ ದಿನ. ಪ್ರತಿ ಸಲವೂ ಸೇನಾಪತ್ಯದ ಪಟ್ಟಾಭಿಷೇಕ, ಪ್ರತಿ ಸಲವೂ ಇನ್ನೇನು ಗೆದ್ದೆವು ಎಂಬ ದುರ್ಯೋಧನನ ಉತ್ಸಾಹ. ನೆಬ್ರಾಸ್ಕದಲ್ಲಿ ಸೋಲಿಚ್ ಆರು ವರ್ಷ, ಕ್ಯಾಲಹನ್ ನಾಲ್ಕು, ಬೋ ಪೆಲಿನಿ ಏಳು, ಮೈಕ್ ರೈಲಿ ಮೂರು, ಸ್ಕಾಟ್ ಫ್ರಾಸ್ಟ್ ನಾಲ್ಕು ವರ್ಷದ ಮೇಲೆ ಮೂರು ಪಂದ್ಯ. ವ್ಯತ್ಯಾಸ ಒಂದೇ: ಕೌರವರು ಬಿದ್ದವನ ಜಾಗಕ್ಕೆ ಮತ್ತೊಬ್ಬನನ್ನು ತಂದರು, ಇವರು ನಿಂತಿದ್ದವನನ್ನೇ ಬೀಳಿಸಿ ತಂದರು.

ಪೆಲಿನಿಯವರ ಪ್ರಕರಣವಂತೂ ಇನ್ನೂ ಮಜವಾದದ್ದು. ಏಳು ಋತುಗಳಲ್ಲಿ ಒಮ್ಮೆಯೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ. ಮೊದಲ ಆರರಲ್ಲಿ ಪ್ರತಿ ವರ್ಷವೂ ಸರಿಯಾಗಿ ನಾಲ್ಕೇ ಸೋಲು, ತೂಕದ ಕಲ್ಲಿಟ್ಟು ಅಳೆದಂತೆ. ಮೈದಾನದ ಅಂಚಿನಲ್ಲಿ ರೇಗಾಡುವ ಸ್ವಭಾವ. ಒಂಬತ್ತು ಗೆಲುವಿಗೆ ಬೇಸತ್ತ ಜನಕ್ಕೆ ಅದೊಂದು ನೆಪವಾಗಿ ಒದಗಿತು. 2014ರ ನವೆಂಬರ್ ಕೊನೆಯಲ್ಲಿ, ಅಯೋವಾ ತಂಡವನ್ನು ಅದರ ನೆಲದಲ್ಲೇ ಸೋಲಿಸಿ ಬಂದ ಮೂರನೆಯ ದಿನ, ಒಂಬತ್ತು ಗೆಲುವು ಮೂರು ಸೋಲಿನ ಲೆಕ್ಕದಲ್ಲಿಯೇ ಅವರನ್ನೂ ಕಳುಹಿಸಿದರು. ಆ ಬಳಿಕ 2016ರಲ್ಲಿ ಒಮ್ಮೆ ಒಂಬತ್ತು ಗೆಲುವು ಬಂದದ್ದು ಬಿಟ್ಟರೆ 2025ರವರೆಗೂ ಅದು ಮತ್ತೆ ಈ ಕಡೆ ತಲೆ ಹಾಕಿಲ್ಲ. 2017ರಿಂದ 2023ರವರೆಗಿನ ಏಳು ಋತುಗಳಲ್ಲಂತೂ ಗೆಲುವಿಗಿಂತ ಸೋಲೇ ಹೆಚ್ಚು. ಒಂಬತ್ತು ಗೆದ್ದರೂ ಸಾಲದೆಂದು ಕೋಚ್‌ನನ್ನು ಓಡಿಸಿದ ಊರಿನಲ್ಲಿ ಈಗ ಯಾರಾದರೂ ಒಂಬತ್ತು ಗೆದ್ದರೆ ಪುತ್ಥಳಿ ಕಡೆಸುವುದಕ್ಕೂ ಜನ ಸಿದ್ಧ.

ನನ್ನ ಪಕ್ಕದ ಮನೆಯಲ್ಲೊಬ್ಬ ಹಿರಿಯರಿದ್ದಾರೆ, ನಿವೃತ್ತ ರೈತರು. ಚಳಿಗಾಲದಲ್ಲಿ ನಮ್ಮ ಬಾಗಿಲ ಮುಂದಿನ ಹಿಮವನ್ನೂ ಕೇಳದೆಯೇ ಬಾಚಿ ಹೋಗುವಷ್ಟು ಒಳ್ಳೆಯವರು. ಯಾರ ಬಗ್ಗೆಯೂ ಕೆಟ್ಟ ಮಾತಾಡದ ಮನುಷ್ಯ. ಕೋಚ್ ಮಾತ್ರ ಇದಕ್ಕೆ ಅಪವಾದ. ಅವರು ಎಷ್ಟು ಸೂಕ್ಷ್ಮವಾಗಿ ಆ ಕೆಲಸ ಮಾಡುತ್ತಾರೆಂದರೆ ಬೈಗುಳವೇ ಇರುವುದಿಲ್ಲ. “ಒಳ್ಳೆಯ ಹುಡುಗ, ಪಾಪ” ಎಂದು ನಿಟ್ಟುಸಿರು ಬಿಡುತ್ತಾರೆ. ಅವರ ಬಾಯಲ್ಲಿ ಒಬ್ಬ ಕೋಚ್ ಒಳ್ಳೆಯ ಹುಡುಗನಾದನೆಂದರೆ ಅವನ ಕೆಲಸ ಮುಗಿಯಿತೆಂದೇ ಅರ್ಥ.

ಸ್ಕಾಟ್ ಫ್ರಾಸ್ಟ್ ಮಾತ್ರ ಈ ಹಿರಿಯರ ಪಾಲಿಗೆ ಬಹಳ ಕಾಲ ಒಳ್ಳೆಯ ಹುಡುಗನಾಗಿರಲಿಲ್ಲ, ಮನೆಯ ಮಗನಾಗಿದ್ದ. ವುಡ್ ರಿವರ್ ಎಂಬ ಸಣ್ಣ ಊರಿನವರು, 1997ರ ಪ್ರಶಸ್ತಿ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್, ಎಂದರೆ ದಾಳಿಯ ಸೂತ್ರಧಾರ. ಫ್ಲಾರಿಡಾದ ಒಂದು ತಂಡವನ್ನು 2017ರಲ್ಲಿ ಒಂದೂ ಸೋಲಿಲ್ಲದೆ ನಡೆಸಿ ಊರಿಗೆ ಮರಳಿದರು. ಅಂಥವರು ಮೊದಲ ಆರು ಪಂದ್ಯಗಳನ್ನೂ ಸೋತರು. 2021ರಲ್ಲಿ ಒಂಬತ್ತು ಸೋಲು, ಒಂದೊಂದೂ ಹತ್ತು ಅಂಕದೊಳಗಿನ ಸೋಲು. ಅಭಿಮಾನಿಯ ಪಾಲಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಭಾರೀ ಅಂತರದಲ್ಲಿ ಸೋತರೆ ಮಧ್ಯಾಹ್ನವೇ ಟಿವಿ ಆರಿಸಿ ಹುಲ್ಲು ಕತ್ತರಿಸಲು ಹೋಗಬಹುದು. ಕೂದಲೆಳೆಯಲ್ಲಿ ಸೋತರೆ ಇಡೀ ವಾರ ಹಾಳು. ವಕೀಲರು ಹೇಳಿದರು: ಇಷ್ಟು ಹತ್ತಿರ ಬಂದಿದ್ದಾನೆ, ಇನ್ನೊಂದು ವರ್ಷ ಕೊಡಿ. ಕೊಟ್ಟರು. 2022ರ ಮೊದಲ ಪಂದ್ಯ ಐರ್ಲೆಂಡಿನ ಡಬ್ಲಿನ್‌ನಲ್ಲಿ. ಹನ್ನೊಂದು ಅಂಕ ಮುಂದಿರುವಾಗ ಫ್ರಾಸ್ಟ್, ಚೆಂಡನ್ನು ಎದುರಾಳಿಗೆ ಕೊಡದೆ ತಾವೇ ಹಿಡಿದುಕೊಳ್ಳುವ ಆಸೆಯಿಂದ ಗಿಡ್ಡದಾಗಿ ಒದೆಯಿಸಿದರು. ಚೆಂಡು ಎದುರಾಳಿಗೇ ಸಿಕ್ಕಿತು, ಪಂದ್ಯವೂ ಹೋಯಿತು. ಎರಡು ವಾರದ ಬಳಿಕ ಜಾರ್ಜಿಯಾ ಸದರ್ನ್ ಎಂಬ ತಂಡ ಲಿಂಕನ್‌ಗೇ ಬಂದು 45-42ರಿಂದ ಗೆದ್ದುಕೊಂಡು ಹೋಯಿತು. ಅಂದು ರಾತ್ರಿ ಪಕ್ಕದ ಮನೆಯವರು ಬೇಲಿಯ ಆಚೆಯಿಂದ “ಒಳ್ಳೆಯ ಹುಡುಗ, ಪಾಪ” ಎಂದರು. ಮರುದಿನ, ಸೆಪ್ಟೆಂಬರ್ 11ರ ಭಾನುವಾರ, ಸುದ್ದಿ ಬಂತು.

ಆಗ ಎದ್ದ ಚರ್ಚೆ ಆಟದ್ದಲ್ಲ, ಕ್ಯಾಲೆಂಡರಿನದು. ಅಕ್ಟೋಬರ್ 1ರವರೆಗೆ ತಡೆದಿದ್ದರೆ ಒಪ್ಪಂದದಂತೆ ಫ್ರಾಸ್ಟ್ ಅವರಿಗೆ ಕೊಡಬೇಕಾದ ಹಣ ಒಂದೂವರೆ ಕೋಟಿ ಡಾಲರ್‌ನಿಂದ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರ ಅವರ ಮುಖ ನೋಡದಿರಲು ಎಪ್ಪತ್ತೈದು ಲಕ್ಷ ಡಾಲರ್ ತೆತ್ತ ಹಾಗಾಯಿತು. ದುಬಾರಿಯಾಯಿತೆಂದು ಊರಿನಲ್ಲಿ ಯಾರೂ ಹೇಳಿದ್ದು ನನಗೆ ಕೇಳಿಸಲಿಲ್ಲ. ತರಕಾರಿ ಕೊಳ್ಳುವಾಗ ಇಪ್ಪತ್ತು ಸೆಂಟಿನ ರಿಯಾಯಿತಿ ಚೀಟಿಗಾಗಿ ಪರ್ಸನ್ನೆಲ್ಲ ತಡಕಾಡುವ ಜನವೇ ಇವರು.

ಈ ಹಣದ ವ್ಯವಹಾರ ದೇಶದುದ್ದಕ್ಕೂ ಹೀಗೆಯೇ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2023ರ ನವೆಂಬರ್‌ನಲ್ಲಿ ಜಿಂಬೊ ಫಿಶರ್ ಅವರನ್ನು ಕಳುಹಿಸಿದಾಗ ಬಾಕಿ ಉಳಿದ ಮೊತ್ತ ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚು. ಚಾರ್ಲಿ ವೈಸ್ ಎಂಬುವರನ್ನು ಮೊದಲು ನಾಟರ್‌ಡಾಮ್ ತೆಗೆದುಹಾಕಿತು, ಆಮೇಲೆ ಕ್ಯಾನ್ಸಸ್. ಕೊನೆಗೆ ಎರಡೂ ವಿಶ್ವವಿದ್ಯಾಲಯಗಳು ಏಕಕಾಲಕ್ಕೆ ಅವರಿಗೆ ಹಣ ಕೊಡುತ್ತಿದ್ದವು, ತರಬೇತಿ ಕೊಡದೆ ಸುಮ್ಮನಿರುವುದಕ್ಕಾಗಿ. ಇದಕ್ಕಿಂತ ನೆಮ್ಮದಿಯ ಉದ್ಯೋಗ ನನಗಂತೂ ತಿಳಿಯದು. ಎಲ್ಲರಿಗೂ ಬೀಳ್ಕೊಡುಗೆ ಇಷ್ಟು ಹಿತವಾಗಿರುವುದಿಲ್ಲವೆನ್ನಿ. ಲೇನ್ ಕಿಫಿನ್ ಅವರನ್ನು 2013ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಸೋತು ಬಂದ ವಿಮಾನ ಇಳಿದ ನಡುರಾತ್ರಿಯಲ್ಲೇ, ವಿಮಾನ ನಿಲ್ದಾಣದಲ್ಲೇ ಕೆಲಸದಿಂದ ತೆಗೆಯಿತು.

ಇನ್ನೊಂದು ವರ್ಷ ಕೊಡಿ ಎನ್ನುವವರ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರ ಇರುತ್ತದೆ: ವರ್ಜೀನಿಯಾ ಟೆಕ್‌ನ ಫ್ರಾಂಕ್ ಬೀಮರ್. 1992ರಲ್ಲಿ, ಆರನೆಯ ಋತುವಿನಲ್ಲಿ, ಅವರು ಗೆದ್ದದ್ದು ಎರಡೇ ಪಂದ್ಯ. ಆದರೂ ಉಳಿಸಿಕೊಂಡರು. ಮರುವರ್ಷದಿಂದ ಸತತ 23 ಋತು ಆ ತಂಡ ಋತುವಿನ ಕೊನೆಯ ಬೌಲ್ ಪಂದ್ಯಗಳಿಗೆ ಅರ್ಹತೆ ಪಡೆಯಿತು. ಅಸ್ತ್ರವೇನೋ ನಿಜ. ಆದರೆ ಸೋಲುವ ಪ್ರತಿ ಕೋಚ್‌ನನ್ನೂ ಬೀಮರ್ ಎಂದುಕೊಂಡು ಕಾಯುತ್ತ ಕುಳಿತವರ ಕಥೆಯನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಕಥೆಯೇ ಇಲ್ಲ. ಇತ್ತ ಕಳುಹಿಸಿ ಎನ್ನುವವರಿಗೂ ಆಧಾರ ಗಟ್ಟಿಯಿಲ್ಲ. ರಾಜ್ಯಶಾಸ್ತ್ರದ ಕೆಲವು ಪ್ರಾಧ್ಯಾಪಕರು 1997ರಿಂದ 2010ರವರೆಗಿನ ಕೋಚ್ ಬದಲಾವಣೆಗಳನ್ನು ಪರಿಶೀಲಿಸಿದ್ದರು. ತೀರಾ ಕೆಟ್ಟ ತಂಡಗಳಿಗೆ ಹೊಸ ಕೋಚ್‌ನಿಂದ ಹೇಳಿಕೊಳ್ಳುವ ಲಾಭವಾಗಿರಲಿಲ್ಲ, ನಡುಮಟ್ಟದ ತಂಡಗಳು ಬದಲಾಯಿಸದ ತಂಡಗಳಿಗಿಂತ ಹಿಂದೆಯೇ ಬಿದ್ದಿದ್ದವು. ಈ ಸಂಗತಿಯನ್ನು ನಾನೊಮ್ಮೆ ಪಕ್ಕದ ಮನೆಯವರಿಗೆ ತಿಳಿಸಿದೆ. ಅವರು ಗೌರವದಿಂದ ಕೇಳಿಸಿಕೊಂಡು, ಆ ಪ್ರಾಧ್ಯಾಪಕರು ಯಾವ ವಿಶ್ವವಿದ್ಯಾಲಯದವರು ಎಂದು ವಿಚಾರಿಸಿದರು. ಒಬ್ಬರು ಕೊಲರಾಡೊದವರು ಎಂದೆ. ಕೊಲರಾಡೊ ಹಳೆಯ ಎದುರಾಳಿ. ಚರ್ಚೆ ಅಲ್ಲಿಗೆ ಮುಗಿಯಿತು.

ತೆಗೆದುಹಾಕಿದ ಮೇಲೆ ಬರುವ ವಾರಗಳಿವೆಯಲ್ಲ, ಅವು ಊರಿಗೆ ಹಬ್ಬ. ಮುಂದಿನವನು ಯಾರು? ಎಲ್ಲರ ಜೇಬಿನಲ್ಲೂ ಒಂದು ಪಟ್ಟಿ. ಮಗಳ ಮದುವೆಗೂ ಇಷ್ಟು ಶ್ರದ್ಧೆಯಿಂದ ವರ ಹುಡುಕದವರು ದೂರದೂರದ ಕೋಚ್‌ಗಳ ಕುಲಗೋತ್ರ ಜಾಲಾಡುತ್ತಾರೆ. ಖಾಸಗಿ ವಿಮಾನಗಳ ಜಾಡು ತೋರಿಸುವ ಮೊಬೈಲ್ ಆ್ಯಪ್ ತೆರೆದು, ಲಿಂಕನ್‌ನಿಂದ ಹಾರಿದ ಪುಟ್ಟ ವಿಮಾನ ಯಾವ ಊರಿನಲ್ಲಿ ಇಳಿಯಿತೆಂದು ರಾತ್ರಿಯೆಲ್ಲ ನೋಡುತ್ತಾರೆ. ಅದರಲ್ಲಿ ಹೋದವರು ಯಾರೋ ದನದ ವ್ಯಾಪಾರಿ ಇರಬಹುದು. ಆದರೂ ಬೆಳಗಾಗುವುದರೊಳಗೆ ಆ ಊರಿನ ಕೋಚ್ ಬರುವುದು ಖಚಿತವಾಗಿರುತ್ತದೆ.

ನವೆಂಬರ್ ಈ ಸುಗ್ಗಿಯ ತಿಂಗಳಾದ್ದರಿಂದ ನಮ್ಮ ರಾಜ್ಯೋತ್ಸವಕ್ಕೂ ಇದರ ಬಿಸಿ ತಟ್ಟುತ್ತದೆ. ಇಲ್ಲಿನ ಕನ್ನಡದ ಮನೆಗಳವರೆಲ್ಲ ಒಂದೆಡೆ ಸೇರುತ್ತೇವೆ. ನಾಡಗೀತೆ ಮುಗಿದು ಬಿಸಿಬೇಳೆಬಾತಿನ ತಟ್ಟೆ ಕೈಗೆ ಬರುವ ಹೊತ್ತಿಗೆ ಗಂಡಸರ ಗುಂಪೊಂದು ಮೂಲೆ ಸೇರಿರುತ್ತದೆ. ಕ್ರಿಕೆಟ್ ಬಿಟ್ಟು ಬೇರೆ ಆಟವನ್ನು ಕಣ್ಣೆತ್ತಿ ನೋಡದಿದ್ದವರು ಈಗ ಮೂರನೆಯ ಪ್ರಯತ್ನದಲ್ಲಿ ಚೆಂಡು ಎಸೆಯಬೇಕಿತ್ತೋ ಓಡಬೇಕಿತ್ತೋ ಎಂದು ಜಗಳವಾಡುತ್ತಾರೆ. ದಾವಣಗೆರೆಯ ಹಿರಿಯರೊಬ್ಬರು, ಮಗನನ್ನು ನೋಡಲು ಬಂದವರು, ಬಹಳ ಹೊತ್ತು ಕೇಳಿಸಿಕೊಂಡು, “ಅಲ್ಲಪ್ಪಾ, ಆಡುವವರು ಹುಡುಗರು ತಾನೇ? ಅವರನ್ನು ಯಾಕೆ ಯಾರೂ ಬೈಯುವುದಿಲ್ಲ?” ಎಂದರು. ಮೂಲೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಕೇಸರಿಬಾತು ಬಂತು.

ಉತ್ತರ ನನಗೆ ಆಮೇಲೆ ಹೊಳೆಯಿತು. ಹತ್ತೊಂಬತ್ತು ವರ್ಷದ ಹುಡುಗನನ್ನು ಬೈದರೆ ಮನೆಗೆ ಬಂದು ಕನ್ನಡಿ ನೋಡಿಕೊಳ್ಳುವುದು ಕಷ್ಟ. ಕ್ರೀಡಾ ನಿರ್ದೇಶಕರ ಹೆಸರು ಅರ್ಧ ಜನಕ್ಕೆ ಗೊತ್ತಿಲ್ಲ. ಆಸ್ಬರ್ನ್ ಕಾಲದ ಭರವಸೆಯನ್ನು ಇಟ್ಟುಕೊಂಡದ್ದು ತಾವೇ ಎಂದು ತಮ್ಮನ್ನೇ ಬೈದುಕೊಳ್ಳುವುದು ಮನುಷ್ಯ ಸ್ವಭಾವವಲ್ಲ. ಉಳಿದದ್ದು ಕೋಟಿ ಸಂಬಳದ, ಕಣ್ಣಿಗೆ ಕಾಣುವ, ಬದಲಾಯಿಸಬಹುದಾದ ಒಂದೇ ವಸ್ತು. ಸ್ಟೇಡಿಯಮ್ಮಿನಲ್ಲಿ ಕೂತ ಎಂಬತ್ತು ಸಾವಿರ ಜನ ಆಟದಲ್ಲಿ ಏನೂ ಮಾಡಲಾರರು. ಕೋಚ್‌ನನ್ನು ತೆಗೆಯುವುದೊಂದೇ ಅವರು ಆಡಬಹುದಾದ ಆಟ. ಅದನ್ನು ಅವರು ಚೆನ್ನಾಗಿಯೇ ಆಡುತ್ತಾರೆ, ತಂಡಕ್ಕಿಂತ ಚೆನ್ನಾಗಿ.

ಅಂದ ಹಾಗೆ ತೆಗೆಸಿಕೊಂಡವರಿಗೂ ಪ್ರಪಂಚ ಮುಳುಗಲಿಲ್ಲ. ಸೋಲಿಚ್ ಒಹಾಯೊ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ 115 ಪಂದ್ಯ ಗೆದ್ದು ನಿವೃತ್ತರಾದರು. ಫ್ರಾಸ್ಟ್ ತಮ್ಮ ಹಳೆಯ ಫ್ಲಾರಿಡಾ ತಂಡಕ್ಕೇ ಮರಳಿದರು. ಇಲ್ಲಿ 2023ರಿಂದ ಮ್ಯಾಟ್ ರೂಲ್ ಇದ್ದಾರೆ. 2024ರಲ್ಲಿ ಏಳು ಗೆದ್ದು ಆರು ಸೋತಾಗ ಊರು ಕುಣಿದಾಡಿತು. ಆದರೆ ಮರುವರ್ಷವೂ ಅದೇ ಲೆಕ್ಕ ಮುಂದುವರಿದಾಗ ಹುಬ್ಬುಗಳು ಏರತೊಡಗಿದವು. 2025ರ ಋತು ನಡೆದಿರುವಾಗಲೇ ಅವರ ಒಪ್ಪಂದವನ್ನು ವಿಸ್ತರಿಸಿದ ಸುದ್ದಿ ಬಂದ ದಿನ, ಪಕ್ಕದ ಮನೆಯವರು ಎಲೆ ಗುಡಿಸುತ್ತಿದ್ದರು. ನಾನು ವಿಷಯ ಹೇಳಿದೆ. ಅವರು ಪೊರಕೆಗೆ ಗಲ್ಲ ಊರಿ ಸ್ವಲ್ಪ ಹೊತ್ತು ಯೋಚಿಸಿದರು. ಸಂಬಳ ಎಷ್ಟೆಂದು ಕೇಳಲಿಲ್ಲ, ಎಷ್ಟು ವರ್ಷದ್ದೆಂದೂ ಕೇಳಲಿಲ್ಲ.

“ಕಳುಹಿಸಬೇಕೆಂದರೆ ಎಷ್ಟು ಕೊಡಬೇಕಾಗುತ್ತದಂತೆ?” ಎಂದರು.