ಬಿಳಿ ಕಾರು, ಸಾವಿರ ಹುಳ

ಸಂಜೆ 7ಕ್ಕೆ ಗಂಗಾವತಿ ಬಿಟ್ಟು ಕಾರಟಗಿ ಮೇಲೆ ಸಿಂಧನೂರಿಗೆ ಹೋಗಿ ನೋಡಿ. ಮಳೆ ಏನೂ ಇಲ್ಲ, ಆದರೂ ಗಾಜಿನ ಮೇಲೆ ಟಪ್ ಟಪ್. ಎಲ್ಲಾ ಹುಳ! ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತದ ಗದ್ದೆ ಅಲ್ವಾ, ಅಲ್ಲಿನ ಜಿಗಿಹುಳಕ್ಕೆ ಬೆಳಕು ಕಂಡರೆ ಸಾಕು. ನನ್ನ ಹೆಡ್‌ಲೈಟೇ ಅವಕ್ಕೆ ಜಾತ್ರೆ.

ವೈಪರ್ ಹಾಕಿದೆ. ತಪ್ಪು ಮಾಡಿದೆ. ಗಾಜಿಗೆಲ್ಲ ಗಂಜಿ ಬಳಿದಂತಾಗಿ, ಎದುರು ಬರುವ ಲಾರಿ ಬೆಳಕಿಗೆ ರಸ್ತೆಯೇ ಕಾಣಲಿಲ್ಲ.

ಗಾಜು ಹೋಗ್ಲಿ, ಹೊಟ್ಟೆ ಉರಿದದ್ದು ಬಾನೆಟ್ ನೋಡಿದಾಗ. ಸುಸ್ತು ಅಂತ ರಾತ್ರಿ ಹಾಗೇ ಬಿಟ್ಟು ಮಲಗಿದ್ದೆ. ನಮ್ಮ ರಾಯಚೂರು ಕಡೆ ಬಿಸಿಲು ಗೊತ್ತಲ್ಲ, ಬೆಳಿಗ್ಗೆ 10ಕ್ಕೆಲ್ಲ ಹುಳದ ರಸ ಒಣಗಿ ಸಿಮೆಂಟ್ ಆಗಿತ್ತು. ಆ ರಸದಲ್ಲಿ ಹುಳಿ ಅಂಶ ಇರುತ್ತದೆ. ಬಿಸಿಲಿಗೆ ಅದು ಬಣ್ಣದ ಮೇಲಿನ ಕ್ಲಿಯರ್ ಕೋಟನ್ನೇ ತಿನ್ನುತ್ತದೆ. ನಾನೋ, ಸಿಟ್ಟಿಗೆ ಬಟ್ಟೆ ತಿಕ್ಕೋ ಬ್ರಷ್ ತಗೊಂಡೆ. ಕಾರು ತೊಳೆಯುವ ಹುಡುಗ ತಡೆದ: "ಅಣ್ಣಾರ, ಹಂಗ ತಿಕ್ಕಬ್ಯಾಡ್ರಿ, ಗೀರು ಬೀಳ್ತಾವ. ಹಸಿ ಅರಿವಿ ಹಾಕಿ ಹತ್ತು ನಿಮಿಷ ಬಿಡ್ರಿ." ಶಾಂಪೂ ನೀರಲ್ಲಿ ನೆನೆಸಿದ ಬಟ್ಟೆ ಹಾಸಿದ ಮೇಲೆ ಮೆತ್ತಗಾಗಿ ಬಿಟ್ಟುಕೊಂಡವು. ಮೂರು ಕಲೆ ಮಾತ್ರ ಇವತ್ತಿಗೂ ಹಾಗೇ ಕೂತಿವೆ.

ಮೊದಲೇ ವ್ಯಾಕ್ಸ್ ಹಚ್ಚಿದ್ದರೆ ಸಲೀಸಾಗಿ ಬರುತ್ತಿತ್ತಂತೆ. ಸರಿ, ಈಗ ಹಚ್ಚಿದ್ದೇನೆ. ಮುಂದಿನ ವಾರ ಮತ್ತೆ ಅದೇ ದಾರಿ, ಭಾವನ ಮನೆ ಗೃಹಪ್ರವೇಶ. ಹಗಲಲ್ಲೇ ಹೊರಡೋಣ ಅಂದಿದ್ದೇನೆ. ನಮ್ಮ ಮನೆಮಂದಿ ಎಲ್ಲಾ ತಯಾರಾಗುವಷ್ಟರಲ್ಲಿ 7 ಹೊಡೆಯದಿದ್ದರೆ ಕೇಳಿ!